ಅವ್ವನಿಗೆ ತೋರಿಸಿದ ಸಿನಿಮಾ

ಮರುದಿನ ಸಂಡೂರಿಗೆ ಹೆಣ್ಣು ನೋಡಲು ಹೋಗುವುದಿತ್ತು. ಅಷ್ಟರೊಳಗೆ ಅವ್ವನಿಗೆ ಹೇಳಲೇಬೇಕಿತ್ತು: ನನಗೆ ಹೆಣ್ಣು ಬೇಡ, ಕಂಪ್ಲಿಯಲ್ಲಿ ನನ್ನವನೊಬ್ಬ ಇದ್ದಾನೆ ಎಂದು. ಬಾಯಿ ಬರಲಿಲ್ಲ. ಸಿನಿಮಾ ಹಾಕಿದೆ.

ಇಬ್ಬರು ಗಂಡಸರ ಪ್ರೀತಿಯ ಕಥೆ. ಯಾರೋ ಹುಡುಗರು ಸೇರಿ ತಾವೇ ತೆಗೆದದ್ದು; ಹಾಡಿಲ್ಲ, ಹೊಡೆದಾಟವಿಲ್ಲ. ಹೊಸಪೇಟೆಯ ಯಾವ ಟಾಕೀಸಿಗೂ ಬಂದಿರಲಿಲ್ಲ, ಬರುವುದೂ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ಟಿವಿಗೆ ಮೊಬೈಲ್ ಜೋಡಿಸಿ ಕುಳಿತೆ. ಕುಳಿತೆ ಅನ್ನುವುದು ಸುಳ್ಳು. ನೀರು ಕುಡಿಯಲು ಎದ್ದೆ, ಫ್ಯಾನ್ ಜೋರು ಮಾಡಿದೆ, ಮತ್ತೆ ಕಡಿಮೆ ಮಾಡಿದೆ.

"ಇರುವಿ ಕಡಿದೋರಂಗ ಯಾಕ ಮಾಡ್ತಿಯಲೇ? ಕುಂದ್ರು," ಅಂದಳು ಅವ್ವ.

ಅವಳು ನಾಟಕಕ್ಕೆ ಹೆಸರಾದ ಮರಿಯಮ್ಮನಹಳ್ಳಿಯವಳು. ಮೊಣಕಾಲು ಕೈಕೊಡುವ ತನಕ ನಾಟಕದಲ್ಲಿ ಪಾರ್ಟು ಮಾಡಿದವಳು. ಯಾರ ನಟನೆಯೂ ಸುಲಭಕ್ಕೆ ಅವಳ ಕಣ್ಣಿಗೆ ಹಿಡಿಸುವುದಿಲ್ಲ. ಸಿನಿಮಾದಲ್ಲಿ ಒಬ್ಬ ಬಸ್ ಹತ್ತುತ್ತಿದ್ದ. ಇನ್ನೊಬ್ಬ ಕೆಳಗೆ ನಿಂತು, "ಮುಟ್ಟಿದ ಮೇಲೆ ಒಂದು ಮಿಸ್ ಕಾಲ್ ಕೊಡು," ಎಂದಷ್ಟೇ ಅಂದ.

"ಎಷ್ಟು ಸಣ್ಣ ಮಾತು! ಉಳಿದದ್ದೆಲ್ಲಾ ಕಣ್ಣಾಗ ಹೇಳಿದ ನೋಡು. ಭಾಳ ಚಲೋ ಮಾಡ್ಯಾನ."

ನನಗೆ ಖುಷಿಯಾಯಿತು, ಅದರ ಬೆನ್ನಿಗೇ ಹೆದರಿಕೆಯೂ. ಇವಳು ನಟನೆ ನೋಡುತ್ತಿದ್ದಾಳೋ, ಕಥೆ ನೋಡುತ್ತಿದ್ದಾಳೋ?

ಮಗ ತಾಯಿಗೆ ನಿಜ ಹೇಳುವ ದೃಶ್ಯ ಬಂತು. ತಾಯಿ ಎದೆ ಎದೆ ಬಡಿದುಕೊಂಡು ಅತ್ತಳು. ಅವ್ವನಿಗೆ ಸಿಟ್ಟೇ ಬಂತು.

"ನಿಲ್ಸು ಅದನ್ನ. ಅವರಿಬ್ಬರೂ ಅಷ್ಟು ಹದವಾಗಿ ಮಾಡ್ಯಾರ, ಈಕಿ ಎಲ್ಲಾ ಕೆಡಿಸಿದ್ಲು. ಹಡೆದಾಕಿಗೆ ಮೊದಲ ಅನುಮಾನ ಇರಂಗಿಲ್ಲೇನು?"

ಬೇರೆಯವರ ಪಾರ್ಟನ್ನು ಹೀಗಲ್ಲ, ಹಾಗೆ ಎಂದು ಮಾಡಿ ತೋರಿಸುವುದು ಅವಳ ಹಳೆಯ ಚಟ. ಸೆರಗು ಸಿಕ್ಕಿಸಿ ಎದ್ದಳು. "ನಾ ತಾಯಿ ಪಾರ್ಟು ಮಾಡ್ತೀನಿ. ನೀ ಮಗಂದು ಹೇಳು."

ಸಿನಿಮಾ ನಿಲ್ಲಿಸಿ ನಾನೂ ಎದ್ದೆ. "ಅವ್ವಾ, ನನಗ ಮದುವಿ ಬ್ಯಾಡ. ನಾ ಒಬ್ಬ ಹುಡುಗನ್ನ ಪ್ರೀತಿ ಮಾಡೀನಿ."

"ಕೇಳಲಿಲ್ಲ. ಹಿಂದ ಕುಂತೋರಿಗೂ ಕೇಳಬೇಕು."

ಮತ್ತೆ ಹೇಳಿದೆ. ಧ್ವನಿ ಒಡೆಯಿತು. ಅದು ನಟನೆಯಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು.

ಅವ್ವ ಅಳಲಿಲ್ಲ. ನನ್ನನ್ನೇ ನೋಡುತ್ತ ಕೇಳಿದಳು: "ಏನ್ ಹೆಸರು ಆತಂದು?"

ಸಿನಿಮಾದ ತಾಯಿ ಅದನ್ನು ಕೇಳುವ ಹಾಗಿರಲಿಲ್ಲ. ಅಲ್ಲಿ ಮಗ ಪ್ರೀತಿಸಿದ ಹುಡುಗ ಅವಳ ಮನೆಯಲ್ಲೇ ಉಂಡು ಬೆಳೆದವನು, ಹೆಸರು ಅವಳಿಗೆ ಗೊತ್ತೇ ಇತ್ತು. ಇದು ಅವ್ವನದೇ ಪ್ರಶ್ನೆ. ಹೆಸರು ಹೇಳಿದೆ. ಅವಳು ಒಂದು ಸಲ ಅದನ್ನು ಮೆಲ್ಲಗೆ ಅಂದು ನೋಡಿದಳು. ಆಮೇಲೆ ನಾಳೆ ಬರುವುದಿಲ್ಲವೆಂದು ಸಂಡೂರಿನವರಿಗೆ ಫೋನ್ ಮಾಡಲು ನನ್ನ ಮೊಬೈಲ್ ಕೇಳಿದಳು.