ತಲೆ ತಿರುಗಿಸಿದ ಹನ್ನೆರಡು ಕಾರ್ಡುಗಳು

ನನ್ನ ಬಾಯಿ ಮೊದಲಿಂದಲೂ ಜೋರು. ಆ ಬಾಯಿಂದ ಒಬ್ಬರ ಮನಸ್ಸು ನೋಯಿಸಿದೀನಿ. ಅದನ್ನು ಹೇಳದೆ ಈ ಕಾರ್ಡುಗಳ ವಿಷಯ ಹೇಳೋಕಾಗಲ್ಲ.

ಆಗ ನಾನು ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯಲ್ಲಿದ್ದೆ. ಕಾರ್ಖಾನೆ ಅಂದರೆ ಒಂದು ಶೀಟಿನ ಶೆಡ್ಡು, ಒಳಗೆ ಮರ ಕಡೆಯೋ ಎಂಟು ಮಿಷನ್ನು. ಬಿಡದಿ ಕಡೆ ದೊಡ್ಡ ದೊಡ್ಡ ಫ್ಯಾಕ್ಟರಿಗಳು ಎದ್ದಮೇಲೆ ಗಂಡಸರೆಲ್ಲ ಶೂ ಹಾಕಿಕೊಂಡು ಕಂಪನಿ ಬಸ್ಸು ಹತ್ತಿಬಿಟ್ಟರು. ಗೊಂಬೆ ಕಡೆಯೋಕೆ ಉಳಿದದ್ದು ನಾವು ಹೆಂಗಸರು, ಮತ್ತೆ ನನ್ನ ಸೋದರಮಾವ. ಗುಡೇಮಾರನಹಳ್ಳಿಯಿಂದ ಮದುವೆಯಾಗಿ ಬಂದವಳು ನಾನು. ರಾಗಿ ಹೊಲದಲ್ಲಿ ಕಳೆ ಕಿತ್ತ ಕೈಗೆ ಉಳಿ ಹಿಡಿಯೋದೇನು ಮಹಾ ಅಂತ ಕರಕೊಂಡು ಹೋಗಿ ಮಿಷನ್ ಮುಂದೆ ಕೂರಿಸಿದವನು ಮಾವನೇ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಕಾವಿಗೆ ಕರಗಿ ಬಣ್ಣ ಹಿಡಿಯುತ್ತದೆ. ಎಷ್ಟು ಒತ್ತಬೇಕು ಅನ್ನೋದನ್ನು ಅವನ ಬೈಗುಳ ತಿಂದೇ ಕಲಿತೆ.

ಬೆಂಗಳೂರಿನ ಮೇಡಮ್ಮೊಬ್ಬರು ನಮ್ಮಿಂದ ಬುಗುರಿ ತರಿಸಿಕೊಳ್ಳುತ್ತಿದ್ದರು. ಒಂದು ಸಲ ಅವರ ಕವರಿನಲ್ಲಿ ಆರ್ಡರಿನ ಜೊತೆಗೆ ಹನ್ನೆರಡು ಪೋಸ್ಟ್‌ಕಾರ್ಡು ಬಂದವು. ನಮ್ಮ ಅಂಚೆ ಕಚೇರಿಯ ಹಳದಿ ಕಾರ್ಡಲ್ಲ. ದಪ್ಪ, ನುಣುಪು, ಯಾವುದೋ ಮ್ಯೂಸಿಯಮ್ಮಿನಲ್ಲಿ ಮಾರುವಂಥವು. ಹೆಸರಿಗೂ ಬಣ್ಣ ಇಲ್ಲ, ಬರೀ ಕಪ್ಪು ಬಿಳಿ ಗೆರೆ. ಒಂದರಲ್ಲಿ ಉಂಗುರದೊಳಗೆ ಉಂಗುರ, ಇನ್ನೊಂದರಲ್ಲಿ ಚೌಕಗಳು ಸಣ್ಣಗಾಗುತ್ತಾ ಎಲ್ಲೋ ಸಂದಿಗೆ ಇಳಿದುಹೋಗುತ್ತಿದ್ದವು. ನೋಡ್ತಾ ನೋಡ್ತಾ ಎಲ್ಲ ಹರಿದಾಡೋಕೆ ಶುರು. ರೇಷ್ಮೆ ಸಾಕುವ ಮನೆಯವಳೊಬ್ಬಳು, ಗೂಡು ಕಟ್ಟೋ ಚಂದ್ರಿಕೆ ತಟ್ಟೆ ಮೇಲೆ ಹಣ್ಣಾದ ಹುಳ ಬಿಟ್ಟಂಗೈತೆ ಅಂದಳು.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ. ಗಿರಾಕಿಯ ಕವರಿನಲ್ಲಿ ಏನು ಬಂದರೂ ಅದು ಸ್ಯಾಂಪಲ್ಲು. ಹಿಂದೊಮ್ಮೆ ಯಾರದೋ ಶರ್ಟಿನ ಗುಂಡಿ ಕಿತ್ತು ಕವರೊಳಗೆ ಬಿದ್ದಿದ್ದಕ್ಕೆ ಅದನ್ನೂ ಮರದಲ್ಲಿ ಕಡೆದು ಕಳಿಸಿದ್ದೆವು. ಇದೇನು ಅಂತ ಕೇಳಿದರೆ ಕೆಲಸ ಬರಲ್ಲ ಅಂದ್ಕೋತಾರೆ ಅಂತ ಓನರಿಗೆ ಭಯ. ಕಾರ್ಡುಗಳನ್ನು ಮಿಷನ್ನಿಗೆ ಒಂದೋ ಎರಡೋ ಹಂಚಿ, ಬುಗುರಿ ಮೇಲೆ ಇದೇ ಡಿಸೈನು ಬರಬೇಕು ಅಂದರು.

ಬಿಳಿಗೆ ಬಣ್ಣ ಬೇಕಿಲ್ಲ, ನಾವು ಕಡೆಯೋ ಆಲೆಮರವೇ ಬಿಳುಪು. ಮೈತುಂಬ ಕಪ್ಪು ಅರಗು ಹಿಡಿಸಿ, ಉಳಿಯ ಮೊನೆಯಲ್ಲಿ ಎಳೆ ಎಳೆಯಾಗಿ ಕೆರೆದರೆ ಒಳಗಿನ ಮರ ಗೆರೆಯಾಗಿ ಕಾಣುತ್ತದೆ. ಹೇಳೋಕೆ ಸುಲಭ. ತಿರುಗುವ ಮರದ ಮೇಲೆ ಕೂದಲೆಳೆಯಂಥ ಗೆರೆಗಳನ್ನು ನೋಡುತ್ತಾ ಕೂತರೆ ಅವು ನಡುಗುತ್ತವೆ, ಆಮೇಲೆ ತಲೆ ಸುತ್ತುತ್ತದೆ. ಎರಡನೇ ದಿನ ಹಿತ್ತಲಿಗೆ ಓಡಿ ತಿಂದ ಮುದ್ದೆಯನ್ನೆಲ್ಲ ಕಕ್ಕಿ ಬಂದೆ. ಪಕ್ಕದ ಮಿಷನ್ನಿಂದ ಮಾವ, ಕುಣಿಲಾರದೋಳ್ಗೆ ನೆಲ ಡೊಂಕಂತೆ ಅಂದ.

ನನಗೆ ರೇಗಿತು. ಹಂಗಾದ್ರೆ ಗೆರೆ ಹೆಂಗೆ ಕುಣೀತವೆ ನೀನೇ ನೋಡು ಅಂತ ಕಾರ್ಡನ್ನು ಅವನ ಕೈಗೆ ತುರುಕಿದೆ. ಮುಖದ ಹತ್ತಿರ ಹಿಡಿದು ಅತ್ತ ಇತ್ತ ವಾಲಿಸಿ ನೋಡಿದ.

"ಎಲ್ಲವ್ವ ಕುಣೀತವೆ? ಸುಮ್ಕೆ ನಿಂತವೆ ಗೆರೆ."

ಅವನು ನೋಡುತ್ತಿದ್ದದ್ದು ಕಾರ್ಡಿನ ಹಿಂಭಾಗ, ವಿಳಾಸ ಬರೆಯೋ ಖಾಲಿ ಜಾಗ. ತಮಾಷೆ ಮಾಡ್ತಾನೆ ಅಂತ ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಕಣ್ಣನ್ನ ಮನೇಲಿ ಗೂಟಕ್ಕೆ ನೇತಾಕಿ ಬಂದಿದೀಯಾ ಅಂತ ಕೇಳಿ ಕಾರ್ಡು ತಿರುಗಿಸಿ ಕೊಟ್ಟೆ. ಮಾವ ನಗಲಿಲ್ಲ. ಈಗ್ಲೂ ನಿಂತವೆ ಅಂದ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ.

ಸಾಯಂಕಾಲ ಕೆಲಸ ಬಿಟ್ಟಮೇಲೆ ದಾರಿಯಲ್ಲಿ ಅಡ್ಡ ನಿಂತು ಕೇಳಿದೆ. ಕಣ್ಣಿನ ನರ ಒಣಗ್ತಾ ಇದೆಯಂತೆ, ರಾಮನಗರದ ಡಾಕ್ಟರು ಹೇಳಿ ವರ್ಷವಾಯಿತಂತೆ, ಹೋದ ಕಣ್ಣು ವಾಪಸ್ ಬರಲ್ಲವಂತೆ. ಜನ ಕಾಣ್ತಾರೆ, ಬಾಗಿಲು ಕಾಣುತ್ತೆ, ಗೆರೆ ಕಾಣಲ್ಲ. ಮತ್ತೆ ಕೆಲಸ ಹೆಂಗೆ ಮಾಡ್ತೀಯ ಅಂದರೆ, ಅರಗಿನ ಕಡ್ಡಿ ಇಟ್ಟ ಜಾಗ ಗೊತ್ತು, ಅದು ಕರಗೋ ವಾಸನೆ ಗೊತ್ತು, ಮಿಕ್ಕಿದ್ದು ಉಗುರು ನೋಡ್ಕೊಳ್ತದೆ ಅಂದ. ಕೈ ಕುಯ್ದುಕೊಂಡ್ರೆ ಏನ್ ಗತಿ, ಓನರಿಗೆ ಹೇಳ್ತೀನಿ ಅಂತ ಹೊರಟೆ. ಅವನು ನನ್ನ ಕೈ ಹಿಡಕೊಂಡ.

"ಹೇಳ್ಬ್ಯಾಡ ಕಣವ್ವ. ಗೊತ್ತಾದ್ರೆ ಮಿಷನ್ನಿಂದ ಎಬ್ಬಿಸ್ಬುಡ್ತಾರೆ. ಮೂವತ್ತು ವರ್ಸ ಅದ್ರ ಮುಂದೆ ಕುಂತಿವ್ನಿ. ಅದೂ ಹೋದ್ರೆ ನಾನ್ಯಾಕಿರಬೇಕು?"

ಬೆಳಿಗ್ಗೆ ಆಡಿದ ಮಾತಿಗೆ ನನ್ನ ನಾಲಿಗೆ ಕಿತ್ತು ಬಿಸಾಕಬೇಕು ಅನ್ನಿಸಿತು. ಹೇಳಲ್ಲ ಅಂತ ಮಾತು ಕೊಟ್ಟೆ.

ಮಾರನೇ ದಿನದಿಂದ, ತಲೆಸುತ್ತು ಅಂತ ನೆಪ ಹೇಳಿ ನನ್ನ ಮಿಷನ್ ಬಿಟ್ಟು ಅವನ ಹಿಂದೆ ಕೂತು, ನಾನು ಕಾರ್ಡು ನೋಡಿ ಹೇಳೋದು, ಅವನು ಕಡೆಯೋದು. ಮೊದಲು ಅಕ್ಕಿ ಕಾಳಿನಷ್ಟು ಅಗಲ, ಆಮೇಲೆ ಸಾಸಿವೆಯಷ್ಟು, ಆಮೇಲೆ ಕೂದಲು. ಒಂದು ಗೆರೆಯಾದಮೇಲೆ ಮಿಷನ್ ನಿಲ್ಲಿಸಿ ಉಗುರಿನಲ್ಲಿ ಮುಟ್ಟಿ, ಮುಂದಿನದು ಕೇಳುತ್ತಿದ್ದ. ಉಳಿದವರೆಲ್ಲ ತಲೆಸುತ್ತಿಗೆ ನಿಂಬೆಹಣ್ಣು ಮೂಸುತ್ತಾ ಕೂತರೆ ಅವನೊಬ್ಬ ಗುಂಡುಕಲ್ಲಿನಂಗೆ ಕೂತಿರುತ್ತಿದ್ದ. ನನ್ನನ್ನು ಮಾವನ ಬಾಲ ಅಂತ ಆಡಿಕೊಂಡರು. ಆಡಿಕೊಳ್ಳಲಿ, ನನಗೇನು! ಅಂಥ ಬುಗುರಿ ಊರಲ್ಲೇ ಯಾರೂ ಮಾಡಿರಲಿಲ್ಲ.

ಒಂದು ಮಧ್ಯಾಹ್ನ ಮೇಡಮ್ಮೇ ಬಂದರು. ಬುಗುರಿ ನೋಡಿ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಕಾರ್ಡು ಸ್ಯಾಂಪಲ್ಲೇ ಅಲ್ಲವಂತೆ, ಗೋಡೆಗೆ ಅಂಟಿಸಿಕೊಳ್ಳಲಿ ಅಂತ ನಮಗೆ ಪ್ರೀತಿಯಿಂದ ಕಳಿಸಿದ್ದಂತೆ. ಓನರ್ ಇಂಗು ತಿಂದ ಮಂಗನಂಗೆ ನಿಂತರು. ಆದರೆ ಒಂದು ಬುಗುರಿ ಆಡಿಸಿದ ಮೇಲೆ ಮೇಡಮ್ಮಿನ ನಗು ನಿಂತಿತು. ಸುಮಾರು ಹೊತ್ತು ನೆಲದ ಮೇಲೇ ಕೂತು ನೋಡಿದರು. ಇನ್ನುಮೇಲೆ ಇವನ್ನೇ ಕೊಡಿ, ಮಾಡಿದವರ ಹೆಸರು ಡಬ್ಬಿ ಮೇಲೆ ಹಾಕಿಸ್ತೀನಿ, ಯಾರು ಮಾಡಿದ್ದು ಅಂದರು. ಓನರ್ ಮಾವನನ್ನು ತೋರಿಸಿದರು.

ನಾನು ಅವನ ಬೆನ್ನ ಹಿಂದಿದ್ದೆ. ಅವನು ಬಾಯಿ ಮುಚ್ಚಿಕೊಂಡಿದ್ದರೆ ಹೆಸರೂ ಬರುತ್ತಿತ್ತು, ಮಿಷನ್ನೂ ಉಳಿಯುತ್ತಿತ್ತು. ಸುಮ್ನಿರು ಮಾವ ಅಂತ ಮನಸ್ಸಲ್ಲೇ ಬೇಡಿಕೊಂಡೆ. ಅವನು ಎದ್ದು ಪಂಚೆಗೆ ಕೈ ಒರೆಸಿಕೊಂಡ.

"ನಂಗೆ ಗೆರೆ ಕಾಣಾಕಿಲ್ಲ ಕಣ್ ತಾಯಿ. ಕೈ ಅಷ್ಟೇ ನಂದು, ಕಣ್ಣು ಇವಳ್ದು. ಹಾಕೋದಾದ್ರೆ ಮೊದ್ಲು ಇವಳ ಹೆಸ್ರು ಹಾಕಿ."

ಒಂದೊಂದಾಗಿ ಮಿಷನ್ನುಗಳೆಲ್ಲ ನಿಂತವು. ಓನರ್ ಕೆಟ್ಟವರಲ್ಲ, ಹೆದರಿಬಿಟ್ಟರು. ಸೋಮವಾರದಿಂದ ಅವನು ಮಿಷನ್ ಮುಟ್ಟಬಾರದು, ಆ ಜಾಗದಲ್ಲಿ ನಾನು ಕೂರಬೇಕು ಅಂತ ತೀರ್ಮಾನವಾಯಿತು. ಮನೆ ಮುಟ್ಟುವವರೆಗೂ ಮಾವನನ್ನು ಬಾಯಿಗೆ ಬಂದಂಗೆ ಬೈದೆ. ನಿನ್ನ ಪಾಲಿನದನ್ನ ಕದ್ದು ತಿಂದ್ರೆ ಜೀರ್ಣ ಆಯ್ತದಾ ಅಂದ, ಅಷ್ಟೇ.

ಸೋಮವಾರ ಅವನ ಮಣೆ ಮೇಲೆ ಕೂರೋಕೆ ನನಗೆ ಮೈಯೇ ಬಗ್ಗಲಿಲ್ಲ. ಹೆಂಗೋ ಕೂತೆ. ಅಷ್ಟರಲ್ಲಿ ಮಾವ ಎಂದಿನ ಹೊತ್ತಿಗೆ ಬುತ್ತಿ ಹಿಡಿದು ಬಂದು, ಬಾಗಿಲ ಪಕ್ಕ ಗೋಣಿಚೀಲ ಹಾಸಿಕೊಂಡ. ಓನರ್ ನೋಡಿದರು, ಏಳು ಅನ್ನಲಿಲ್ಲ. ನಾನು ಮರ ಸಿಕ್ಕಿಸಿ ಸ್ವಿಚ್ ಹಾಕಿ ಉಳಿ ಇಟ್ಟೆ. ಅಳು ಒತ್ತರಿಸಿಕೊಂಡು ಬಂದು ಕಣ್ಣೆಲ್ಲ ಮಂಜಾಯಿತು, ಗೆರೆ ಎಲ್ಲಿದೆಯೋ ಮರ ಎಲ್ಲಿದೆಯೋ.

"ಒಸಿ ಎತ್ತವ್ವ ಉಳಿಯ," ಅಂದ ಮಾವ ಬಾಗಿಲಿಂದಲೇ. "ಸದ್ದು ಕೆಟ್ಟೈತೆ."

ಎತ್ತಿದೆ.