ಬಾಯಿಬಿಟ್ಟು ಓದದ ಒಂದು ಬೆಳಿಗ್ಗೆ

ಉಷಾರಾಣಿಗೆ ಬಾಯಿಬಿಟ್ಟು ಓದಿದ್ದು ಮಾತ್ರ ನೆನಪಿನಲ್ಲಿ ನಿಲ್ಲುತ್ತಿತ್ತು. ಕುಶಾಲನಗರದ ಹತ್ತಿರದ ಊರಿನಲ್ಲಿ ಏಳನೆಯ ತರಗತಿಯವರೆಗೆ ಅವಳು ಕಲಿತದ್ದೆಲ್ಲ ಹಾಗೆಯೇ, ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಕೂಗಿ ಕೂಗಿ. ಗಂಡ ಸಣ್ಣಸ್ವಾಮಿಯ ಜೊತೆ ಅಮ್ಮತ್ತಿಯ ಕಾಫಿ ಎಸ್ಟೇಟಿನ ಲೈನಿಗೆ, ಕೂಲಿಯವರ ಸಾಲುಮನೆಗೆ, ಬಂದ ಮೇಲೆ ಅವಳ ಪಾಲಿಗೆ ಉಳಿದ ಓದು ಒಂದೇ: ಬೆಳಿಗ್ಗೆ ಆರಕ್ಕೆ ಫೋನಿಗೆ ಬರುವ ಆನೆಯ ಮೆಸೇಜು. ಆನೆಗಳು ತೋಟದ ಯಾವ ಬ್ಲಾಕಿನಲ್ಲಿವೆ ಎಂದು ಕಾವಲಿನವರು ಕಳಿಸುತ್ತಿದ್ದರು. ಮೆಟ್ಟಿಲ ಮೇಲೆ ನಿಂತು ಅವಳು ಅದನ್ನು ಎರಡು ಸಲ ಗಟ್ಟಿಯಾಗಿ ಓದುವಳು. ಅಕ್ಷರ ಬಾರದ ಅತ್ತೆ ಹುಚ್ಚಮ್ಮ ಒಲೆಯ ಮುಂದಿನಿಂದಲೇ ಹೂಂಗುಟ್ಟುವಳು.

ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾದ ವಾರ, ಅವಳು ಓದುತ್ತಿರುವಾಗಲೇ ಆಳುಗಳ ಲೆಕ್ಕ ಬರೆಯುವ ಹೊಸ ರೈಟರ್ ನಾಗಾರ್ಜುನ ಬಂದ.

"ಏನಮ್ಮಾ, ಒಂದನೇ ಕ್ಲಾಸಾ? ಎಲ್ರ ಹತ್ರಾನೂ ಫೋನಿದೆ. ಮನಸ್ಸಲ್ಲೇ ಓದ್ಕೊಳ್ಳಿ."

ಲೈನಿನ ಹೆಂಗಸರು ನಕ್ಕರು. ಸಣ್ಣಸ್ವಾಮಿಯೂ ನಕ್ಕ. "ನಮ್ ಲೈನಿನ ರೇಡಿಯೋ ಸಾರ್ ಇವ್ಳು. ಕರೆಂಟ್ ಹೋದ್ರೂ ನಿಲ್ಲಾಕಿಲ್ಲ."

ಮರುದಿನ ಅವಳು ತುಟಿ ಬಿಗಿಹಿಡಿದು ಓದಿದಳು. ಕಣ್ಣು ಅಕ್ಷರಗಳ ಮೇಲೆ ಹಾದುಹೋಯಿತು, ಅಷ್ಟೆ.

ಹುಚ್ಚಮ್ಮ ಸೌದೆಯ ಹಗ್ಗ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. "ಇವತ್ತು ಕೂಗ್ಲೇ ಇಲ್ವಲ್ಲೇ. ಎಲ್ಲೈತಂತೆ ಆನೆ?"

"ಕೆರೆ ಬ್ಲಾಕಲ್ಲಂತೆ ಅತ್ತೆ. ನೀವು ಹಲಸಿನ ಬ್ಲಾಕ್ ಕಡೆ ಹೋಗಿ."

ಕೆರೆ ಬ್ಲಾಕು ಹಿಂದಿನ ದಿನದ ಮೆಸೇಜು. ಅವಳು ಗಟ್ಟಿಯಾಗಿ ಓದಿದ್ದ ಕೊನೆಯದು. ನಾಲಿಗೆಯ ಮೇಲೆ ಅದೇ ಉಳಿದಿತ್ತು.

ಹನ್ನೊಂದು ಗಂಟೆಗೆ ಹುಚ್ಚಮ್ಮನನ್ನು ಹಲಸಿನ ಬ್ಲಾಕಿನಿಂದ ಕಂಬಳಿಯಲ್ಲಿ ಹೊತ್ತು ತಂದರು. ಸೌದೆಯ ಹಗ್ಗ ಸುತ್ತಿದ್ದು ಸುತ್ತಿದ ಹಾಗೇ ಇತ್ತು.

ಸಣ್ಣಸ್ವಾಮಿ ಫೋನನ್ನು ಹೆಂಡತಿಯ ಕೈಗೆ ತುರುಕಿದ. "ಏನಂತ ಬರ್ದಿತ್ತು? ಓದು."

ಅವಳ ತುಟಿ ಅಲುಗಿತು.

"ಗಟ್ಟಿಯಾಗಿ ಓದೇ!"

"ಮೂರು ಆನೆ, ಒಂದು ಮರಿ. ಹಲಸಿನ ಬ್ಲಾಕು. ಯಾರೂ ಆ ಕಡೆ ಹೋಗಬೇಡಿ."

ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು. ನಾಗಾರ್ಜುನ ತಲೆ ತಗ್ಗಿಸಿದ.

ಈಗಲೂ ಆರಕ್ಕೆ ಮೆಸೇಜು ಬರುತ್ತದೆ. ಲೈನಿನವರು ಬಾಗಿಲಿಗೆ ಬಂದು ಕಾಯುತ್ತಾರೆ. ಓದಮ್ಮಾ ಎಂದು ನಾಗಾರ್ಜುನನೇ ಎಷ್ಟೋ ಸಲ ಹೇಳಿದ್ದಾನೆ. ಉಷಾರಾಣಿ ಬಾಯಿ ತೆರೆಯುತ್ತಾಳೆ. ಪರದೆಯ ಮೇಲೆ ಏನೇ ಇರಲಿ, ಮೊದಲು ಬರುವುದು ಮೂರು ಆನೆ, ಒಂದು ಮರಿ. ಫೋನನ್ನು ಪಕ್ಕದ ಮನೆಯ ಅನುಪಮಾಳಿಗೆ ಕೊಟ್ಟು ಒಳಗೆ ಹೋಗುತ್ತಾಳೆ. ಅನುಪಮಾ ಚೆನ್ನಾಗಿಯೇ ಓದುತ್ತಾಳೆ.

ಒಲೆಯ ಮುಂದೆ ಹೂಂಗುಟ್ಟುವವರಿಲ್ಲ.