ಆರು ಬೆರಳೋ, ಎಂಟು ಬೆರಳೋ

ಬಾಳ ದಿನ ನಮ್ಮ ಮನ್ಯಾಗ ಒಂದೇ ಮಾತು ನಡದಿತ್ತು: ಆರು ಬೆರಳೋ, ಎಂಟು ಬೆರಳೋ. ಗೋಕಾಕದಾಗ ನಾ ಬ್ಲೌಸ್ ಹೊಲಿಯಾಕಿ. ಅಳತಿ ಕೊಡಾಕ ಬಂದವರು ಇದು ತೋಳಿನ ಮಾತೋ ಕೊರಳಿನ ಮಾತೋ ಅಂತ ನನ್ನ ಮಾರಿ ನೋಡತಿದ್ರು. ಅಲ್ರಿ ತಾಯಿ, ಇದು ಸೈಕಲ್ ಮಾತು ಅಂತ ಹೇಳಿ ಹೇಳಿ ನನಗ ಸಾಕಾಗಿತ್ತು. ಅದೂ ಇನ್ನೂ ಪ್ಯಾಟಿಗಿ ಬರದ ಸೈಕಲ್.

ನಮ್ಮ ಮನಿಯವರದು ಸುಟ್ಟ ಪಂಪಿನ ಮೋಟರಿಗಿ ತಂತಿ ಸುತ್ತೂ ಕೆಲಸ. ವಾರೆಲ್ಲ ತಾಮ್ರದ ತಂತಿ ಸುತ್ತೂದು, ರವಿವಾರ ಬಂತಂದ್ರ ಗುಡ್ಡ ಹತ್ತೂ ಹುಚ್ಚು. ಮದುವ್ಯಾದ ಮ್ಯಾಲ ಆ ಹುಚ್ಚು ನನಗೂ ಹತ್ತಿತು. ದಪ್ಪ ಗಾಲಿಯ ಗುಡ್ಡದ ಸೈಕಲ್ ಎರಡು ತಂದು, ಬೆಳಿಗ್ಗೆ ಎದ್ದು ಫಾಲ್ಸ್ ಕಡೆ ಗುಡ್ಡಕ್ಕ ಹೋಗೂದು, ಮ್ಯಾಲ ಕಲ್ಲಿನ ಮ್ಯಾಲ ಕುಂತು ಅವಲಕ್ಕಿ ತಿನ್ನೂದು, ಇಳದು ಬರೂದು. ಇಷ್ಟು ವಯಸ್ಸಾದ ಹೆಂಗಸು ಚೂಡಿದಾರ ಹಾಕ್ಕೊಂಡು ಸೈಕಲ್ ತುಳೀತಾಳ ಅಂತ ಓಣ್ಯಾಗ ಆಡಿಕೊಳ್ಳಾವ್ರು ಆಡಿಕೊಂಡ್ರು. ನಾ ಯಾರ ಮಾತೂ ತಲಿಗಿ ಹಚ್ಚಿಕೊಳ್ಳಾಕಿ ಅಲ್ಲ. ಆ ಗುಡ್ಡದ ಮ್ಯಾಲ ನಾವಿಬ್ಬರು ಜಗಳಾಡಿದ್ದು ನನಗ ನೆನಪಿಲ್ಲ. ಕೆಳಗ ಬಂದ ಮ್ಯಾಲ ಬೇಕಾದಷ್ಟು ಆಡೀವಿ.

ಆಮ್ಯಾಲ ಅವರ ಮೊಳಕಾಲು ಸವೀತು. ಡಾಕ್ಟರ್ರು ಸೈಕಲ್ ತುಳೀರಿ, ಆದ್ರ ಏರಿನ್ಯಾಗ ಕಾಲಿಗಿ ಜೋರು ಹಾಕಬ್ಯಾಡ್ರಿ ಅಂದ್ರು. ಅಂದ್ರ ಗುಡ್ಡ ಬಂದ್. ಉಳದಿದ್ದು ಒಂದೇ ಹಾದಿ: ಬ್ಯಾಟರಿ ಇರೂ ಗುಡ್ಡದ ಸೈಕಲ್. ನಾವು ತುಳದಂಗ ಅದರ ಮೋಟರೂ ಜೋಡಿ ತುಳೀತೈತಿ, ಮೊಳಕಾಲಿಗಿ ಭಾರ ಬೀಳೂದಿಲ್ಲ. ಒಂದು ತಗೊಂಡ್ರ ಮುಗೀತಿತ್ತು. ಆದ್ರ ನಮ್ಮ ಮನಿಯವರು ಒಂದು ಟಾರ್ಚ್ ತಗೊಳ್ಳಾಕೂ ಪ್ಯಾಟಿ ತುಂಬ ತಿರಗೂ ಮನಶ್ಯಾ.

ಅವರು ಸಿಕ್ಕೊಂಡಿದ್ದು ಶಾಕಬ್ಸರಿನ ಟ್ರಾವೆಲ್ಲಿನ್ಯಾಗ. ಟ್ರಾವೆಲ್ ಅಂದ್ರ ಗಾಲಿ ಕಲ್ಲಿಗಿ ಬಡದಾಗ ಎಷ್ಟು ಮ್ಯಾಲ ಎದ್ದು ಪೆಟ್ಟು ನುಂಗತೈತಿ ಅನ್ನೂ ಲೆಕ್ಕ. ಕಂಪನಿಯವರು ಮಿಲಿಮೀಟರಿನ್ಯಾಗ ಹೇಳತಾರ, ನೂರಾ ಇಪ್ಪತ್ತು, ನೂರಾ ಅರವತ್ತು ಅಂತ. ನನಗ ತಿಳೀಲಿ ಅಂತ ಇವರು ಬೆರಳು ಜೋಡಿಸಿ ತೋರಿಸಿದ್ರು: ಒಂದು ಆರು ಬೆರಳು, ಇನ್ನೊಂದು ಎಂಟು. ಕಡಿಮಿ ಇದ್ರ ಏರು ಸಲೀಸು, ಇಳಕಲಿನ್ಯಾಗ ಕೈ ನಡಗತಾವು. ಹೆಚ್ಚಿದ್ರ ಇಳಿಯೂದು ಹಾಸಿಗಿ ಮ್ಯಾಲ ಉಳ್ಳಿದಂಗ, ಆದ್ರ ಏರಿನ್ಯಾಗ ತೂಗ್ಯಾಡತೈತಿ. ಇದರಾಗ ಆರಿಸೂದು ಏನೈತ್ರಿ, ನಿಮಗ ಕಷ್ಟ ಇರೂದು ಏರು, ಆರು ಬೆರಳಿಂದು ತಗೋರಿ ಅಂದೆ. ಹಂಗಲ್ಲ ಅಂದ್ರು. ಅವರ ಹಂಗಲ್ಲ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವು.

ಈ ಬೆಂಕಿಗಿ ತುಪ್ಪ ಸುರಿಯಾವ್ರು ಮೂಡಲಗಿಯ ಸೈಕಲ್ ಅಂಗಡಿ ಕಾಕಾ. ಅವರ ಅಜ್ಜನ ಕಾಲದಿಂದ ಅದೇ ಅಂಗಡಿ, ಅದೇ ಜಾಗಾ. ಗಾಳಿಸುದ್ದಿ ಮೊದಲ ಅವರಿಗಿ ಮುಟ್ಟತಿತ್ತು, ಅಲ್ಲಿಂದ ನಮ್ಮ ಮನಿಗಿ. ಹೊಸಾದು ಬರತೈತಂತ, ಎಂಟು ಬೆರಳಂತ, ಮೋಟರ್ ಸಣ್ಣದಂತ. ಮುಂದಿನ ವಾರ ಎಂಟಲ್ಲಂತ, ಏಳಂತ. ಒಮ್ಮೆ ತಾಡಪತ್ರಿ ಹೊಚ್ಚಿದ ಸೈಕಲ್ಲಿನ ಫೋಟೋ ಬಂತು. ನಮ್ಮ ಮನಿಯವರು ಅದನ್ನ ಫೋನಿನ್ಯಾಗ ದೊಡ್ಡದು ಮಾಡಿ, ನನ್ನ ಹೊಲಿಗಿ ಟೇಪು ಇಟ್ಟು ಅಳತಿ ಮಾಡಿದ್ರು. ತಾಡಪತ್ರಿ ಅಳದ್ರ ಟ್ರಾವೆಲ್ ಗೊತ್ತಾಗತೈತೇನ್ರಿ ಅಂತ ನಾ ನಕ್ಕೆ. ಅವರು ನಗಲಿಲ್ಲ.

ನನಗ ಅವಸರ ಇದ್ದದ್ದು ಬ್ಯಾರೆ ಕಾರಣಕ್ಕ. ಹುಕ್ಕೇರಿ ಕಡೆ ನನ್ನ ತವರಮನಿ ಹೊಲ ಗುಡ್ಡದ ಮ್ಯಾಲ ಐತಿ. ಎಳ್ಳ ಅಮಾಸಿಗಿ ಅಲ್ಲಿ ಚರಗ ಚೆಲ್ಲತೇವಿ: ಸಜ್ಜಿ ರೊಟ್ಟಿ, ಕಡಬು, ಪಲ್ಲೆ ಎಲ್ಲಾ ಕಲಸಿ ಹೊಲದ ಸುತ್ತಲೂ ಭೂಮಿತಾಯಿಗಿ ಚೆಲ್ಲೂದು, ಆಮ್ಯಾಲ ಎಲ್ಲಾರೂ ಕುಂತು ಉಣ್ಣೂದು. ಊರಿನಿಂದ ಹೊಲದ ತನಕ ಕಲ್ಲಿನ ಏರು. ಬುತ್ತಿ ಕಟ್ಟಿಕೊಂಡು ಅದನ್ನ ನಾವಿಬ್ಬರೂ ಸೈಕಲ್ ಮ್ಯಾಲ ಹತ್ತಾವ್ರು. ಹ್ವಾದ ವರ್ಷ ಅವರು ನಮ್ಮ ಅಣ್ಣನ ಮನಿ ಕಟ್ಟಿ ಮ್ಯಾಲ ಕುಂತು, ನೀ ಹೋಗಿ ಬಾ ಅಂದ್ರು. ಟ್ರ್ಯಾಕ್ಟರ್ ಹತ್ತಾಕ ಒಪ್ಪಲಿಲ್ಲ. ನಾ ಒಬ್ಬಾಕಿ ಹತ್ತಿದೆ. ಅವತ್ತು ನನ್ನ ಪಾಲಿನ ಕಡಬು ಹಂಗೇ ಕಟ್ಟಿಕೊಂಡು ಇಳದು ಬಂದೆ. ಇನ್ನೊಂದು ಅಮಾಸಿ ಹಿಂಗ ಆಗಬಾರದು ಅಂತ ಅವತ್ತೇ ಅಂದುಕೊಂಡೆ.

ಈ ವರ್ಷ ಅಮಾಸಿ ಮುಂದಿಟ್ಟುಕೊಂಡು ಕಾಕಾನ ಅಂಗಡಿಗಿ ಒಂದು ಬ್ಯಾಟರಿ ಸೈಕಲ್ ಬಂತು. ಯಾರೋ ಹೇಳಿ ತರಿಸಿ ಬ್ಯಾಡ ಅಂದಿದ್ರಂತ. ಆರು ಬೆರಳಿಂದು. ಬಂದು ನೋಡ್ರಿ ಅಂತ ಕಾಕಾ ಕರದ್ರು. ನಮ್ಮ ಮನಿಯವರು ಅದರ ಸುತ್ತ ತಿರಗಿದ್ರು, ಒತ್ತಿ ನೋಡಿದ್ರು, ಹತ್ತಿ ಕುಂತ್ರು. ಆಮ್ಯಾಲ ಯುಗಾದಿಗಿ ಎಂಟು ಬೆರಳಿಂದು ಬರತೈತಂತಲ್ಲ, ತಡದು ನೋಡೂನು ಅಂದ್ರು. ನನ್ನ ತಲಿ ಕೆಟ್ಟ ಹೋತು. ಕಾಕಾನ ಮುಂದ ಅದೀವಿ ಅಂತನೂ ನೋಡಲಿಲ್ಲ.

"ನಿಮ್ಮ ಮೊಳಕಾಲು ಇನ್ನ ಎಷ್ಟು ಯುಗಾದಿ ಕಾಯತೈತ್ರಿ?" ಅಂದೆ.

ಕಾಕಾನೇ ಹಾದಿ ತಗದ್ರು: ಅಮಾಸಿಗಿ ಒಯ್ರಿ, ಗುಡ್ಡ ಹತ್ತಿಸಿ ನೋಡ್ರಿ, ಸೇರದಿದ್ರ ತಂದಿಡ್ರಿ.

"ನಿಂಬಿಹಣ್ಣು ಮಾತ್ರ ಇಡಬ್ಯಾಡ್ರಿ," ಅಂದ್ರು. "ಪೂಜಿ ಆದ ಸೈಕಲ್ ನಾ ಹೊಳ್ಳಿ ತಗೊಳ್ಳಾಂಗಿಲ್ಲ. ಅದು ಆ ಮನೀದಾತು."

ಅದು ಆ ಅಂಗಡಿಯ ರಿವಾಜು. ಒಬ್ಬರು ಪೂಜಿ ಮಾಡಿದ್ದನ್ನ ಇನ್ನೊಬ್ಬರಿಗಿ ಮಾರೂದು ಛಲೋ ಅಲ್ಲ ಅಂತ ಕಾಕಾನ ಅಪ್ಪನೂ ಹಿಂಗೇ ಅಂತಿದ್ರಂತ. ನಾವು ಹೂಂ ಅಂದು ತಂದಿವಿ.

ಅಮಾಸಿ ದಿನ ಎರಡೂ ಸೈಕಲ್ ಟಂಟಂ ಗಾಡ್ಯಾಗ ಹೇರಿ ತವರಿಗಿ ಹ್ವಾದಿವಿ. ಅಣ್ಣ, ವೈನಿ ಟ್ರ್ಯಾಕ್ಟರ್ ಮ್ಯಾಲ ಮುಂದ ಹ್ವಾದ್ರು. ಏರು ಸುರು ಆಗೂ ಮೊದಲ ನಮ್ಮ ಮನಿಯವರು ಮುಂದಿನ ಶಾಕಬ್ಸರಿನ ಕಾಲಿಗಿ ಒಂದು ರಬ್ಬರ್ ರಿಂಗ್ ಹಾಕಿ ಬುಡಕ್ಕ ಸರಿಸಿದ್ರು. ಪೆಟ್ಟು ಬಿದ್ದಾಗ ಗಾಲಿ ಎಷ್ಟು ಮ್ಯಾಲ ಎದ್ದಿತ್ತೋ ಅಲ್ಲಿ ತನಕ ರಿಂಗ್ ಏರಿ ನಿಲ್ಲತೈತಂತ. ಆರು ಬೆರಳು ಸಾಕೋ ಇಲ್ಲೋ ಅದೇ ಹೇಳತೈತಿ, ಸಾಲಲಿಲ್ಲ ಅಂದ್ರ ನಾಳೆ ಇದನ್ನ ಕೊಟ್ಟು ಎಂಟಕ್ಕ ಕಾಯೂದು ಅಂದ್ರು. ವರ್ಷದ ನನ್ನ ಆಸೆ ಒಂದು ರಬ್ಬರ್ ರಿಂಗಿನ ಮ್ಯಾಲ ನಿಂತೈತಲ್ಲ ಅಂತ ಸಿಟ್ಟು ಬಂತು.

ಏರಿನ್ಯಾಗ ಅವರು ಮುಂದ, ನಾ ಹಿಂದ. ಮೊದಲೆಲ್ಲ ಇಬ್ಬರೂ ತೇಕತಿದ್ವಿ, ಈಗ ನಾ ಒಬ್ಬಾಕಿ ತೇಕಾಕತ್ತಿದ್ದೆ. ಅವರ ಬೆನ್ನು ತಿರುವಿನ್ಯಾಗ ಕಾಣದಂಗಾತು. ಹಿಂಗಾದ್ರ ಕಟ್ಟಿ ಮ್ಯಾಲ ಕುಂತಿದ್ದಕ್ಕೂ ಇದಕ್ಕೂ ಏನ ಫರಕು ಅಂತ ಗೊಣಗಕೋತ ತಿರುವು ದಾಟಿದೆ. ಅಲ್ಲೇ ನಿಂತಿದ್ರು. ನನ್ನ ಸೈಕಲ್ಲಿನ ಬುತ್ತಿ ಬಿಚ್ಚಿ ತಮ್ಮ ಬೆನ್ನಿಗಿ ಹಾಕ್ಕೊಂಡ್ರು. ಮೊಳಕಾಲು ಹೆಂಗೈತ್ರಿ ಅಂದೆ. ಮೊಳಕಾಲು ಐತಿ ಅನ್ನೂದೇ ಮರತಿದ್ದೆ ಅಂದ್ರು. ಅಲ್ಲಿಂದ ಮೋಟರ್ ಕಡಿಮಿ ಮಾಡಿ ನನ್ನ ಬಾಜೂಕ ಬಂದ್ರು. ಜೋಳದ ಹೊಲದ ಕಡೆಯಿಂದ ತಂಪು ಗಾಳಿ ಬೀಸತಿತ್ತು. ಬಾಳ ಸುಖ ಅನಿಸಿತು ನನಗ, ಇದ್ದದ್ದು ಇದ್ದಂಗ ಹೇಳತೇನಿ.

ಹೊಲ ಮುಟ್ಟಿ, ಪಾಂಡವರು ಅಂತ ಐದು ಕಲ್ಲು ಇಟ್ಟು ಪೂಜಿ ಆದ ಮ್ಯಾಲ ನಾನೂ ಅಣ್ಣನೂ ಚರಗ ಚೆಲ್ಲಾಕ ಬದುವಿನ ಗುಂಟ ಹ್ವಾದಿವಿ. ಹೊಳ್ಳಿ ಬಂದು ನೋಡತೇನಿ, ಬೇವಿನ ಗಿಡದ ಕೆಳಗ ಬ್ಯಾಟರಿ ಸೈಕಲ್ ಮಿಂಚಾಕತ್ತೈತಿ. ನಮ್ಮ ತವರಿನ್ಯಾಗ ಹೊಲಕ್ಕ ಹೊಸಾ ಗಾಡಿ ಬಂದ್ರ ಚರಗದ ದಿನ ಅದಕ್ಕೂ ಪೂಜಿ. ವೈನಿ ಹಸಿ ಅರಿವಿಲೆ ಧೂಳ ಒರಸಿ, ಶಾಕಬ್ಸರಿನ ಕಾಲಿಗಿ ವಿಭೂತಿ ಎಳದು, ಗಾಲಿ ಮುಂದ ನಿಂಬಿಹಣ್ಣು ಇಟ್ಟಿದ್ರು. ಒರಸೂ ಮುಂದ ರಿಂಗ್ ಸರದು ಬುಡಕ್ಕ ಬಂದು ಕುಂತಿತ್ತು.

ಅಳತಿನೂ ಹೋತು, ಕಾಕಾಗ ಕೊಟ್ಟ ಮಾತೂ ಹೋತು. ಇವರು ಇನ್ನ ಏನಂತಾರೋ ಅಂತ ಮಾರಿ ನೋಡಿದೆ. ಅಷ್ಟರಾಗ ಕಾಕಾನ ಫೋನು ಬಂತು. ಎಂಟು ಬೆರಳಿಂದು ಖರೆ ಐತಂತ, ತಾಡಪತ್ರಿ ತಗದ ಫೋಟೋನೇ ಬಂದೈತಂತ. ಆ ದನಿ ನನಗೂ ಕೇಳತಿತ್ತು. ನಮ್ಮ ಮನಿಯವರು ಹೌದ್ರಿ, ಹೌದ್ರಿ ಅನಕೋತ ಪೂರಾ ಕೇಳಿದ್ರು.

"ಬರಲಿ ಬಿಡ್ರಿ ಕಾಕಾ," ಅಂದ್ರು. "ಈ ಸೈಕಲ್ಲಿಗಿ ಪೂಜಿ ಆಗೈತಿ."

ಕಾಕಾ ಮುಬಾರಕ್ ಅಂದು ಫೋನ್ ಇಟ್ರು.

ಎಲ್ಲಾರೂ ಊಟಕ್ಕ ಕುಂತ ಮ್ಯಾಲ, ನಿಂಬಿಹಣ್ಣು ಇಡೂ ಮುಂದ ಇವರನ್ನ ಒಂದು ಮಾತು ಕೇಳಬಾರದಿತ್ತೇನ್ರಿ ಅಂತ ವೈನಿಗಿ ಮೆಲ್ಲಕ ಅಂದೆ.

"ಕೇಳೂದೇನವಾ," ಅಂದ್ರು ವೈನಿ. "ಅವರೇ ಹ್ಯಾಂಡಲ್ ಹಿಡಕೊಂಡು ನಿಂತಿದ್ರು. ಹಿಂದಿನ ಗಾಲಿಗೂ ವಿಭೂತಿ ಹಚ್ಚರಿ ಅಂದ್ರು."

ನಮ್ಮ ಮನಿಯವರು ಏನೂ ಗೊತ್ತಿಲ್ಲದವರಂಗ ರೊಟ್ಟಿ ಮುರಕೊಂಡು ಉಣ್ಣಾಕತ್ತಿದ್ರು. ನಾ ಅವರ ತಾಟಿಗಿ ಇನ್ನೊಂದು ಕಡಬು ಹಾಕಿದೆ. ಬ್ಯಾಡ ಅನ್ನಲಿಲ್ಲ.